ಕೃಷ್ಣರ ಹೆಸರು ಹೇಳುವ ಮುನ್ನ: ಮಂಡ್ಯದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಂಡ್ಯ ಜಿಲ್ಲೆಯ ಏಳೂ ವಿಧಾನಸಭಾ ಕ್ಷೇತ್ರಗಳ ಮಾನ್ಯ ಶಾಸಕರಿಗೆ ಹಾಗೂ ಮುಂದಿನ ಚುನಾವಣೆಯ ಟಿಕೆಟ್ಟಿಗಾಗಿ ಈಗಿನಿಂದಲೇ ಫ್ಲೆಕ್ಸ್ ಕಟ್ಟಿಸುತ್ತಿರುವ ಆಕಾಂಕ್ಷಿಗಳಿಗೆ,

ನಮಸ್ಕಾರ.

ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು 2024ರ ಡಿಸೆಂಬರ್ 10ರಂದು ತೀರಿಕೊಂಡರು. ಮರುದಿನ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಸಂಸ್ಕಾರ ನಡೆಯಿತು. ಅಲ್ಲಿಂದೀಚೆಗೆ ನಿಮ್ಮ ಯಾವ ವೇದಿಕೆಯಲ್ಲಿ ಕೇಳಿದರೂ ಅವರ ಹೆಸರು. ಕಾಂಗ್ರೆಸ್ಸಿನವರು ನಮ್ಮವರು ಎನ್ನುತ್ತೀರಿ. ಬಿಜೆಪಿಯವರು ಕಡೆಗಾಲದಲ್ಲಿ ನಮ್ಮ ಪಕ್ಷದಲ್ಲಿದ್ದರು ಎನ್ನುತ್ತೀರಿ. ಜೆಡಿಎಸ್‌ನವರು ಪಕ್ಷಭೇದ ಮರೆತು ಮಂಡ್ಯದ ಮಣ್ಣಿನ ಮಗ ಎನ್ನುತ್ತೀರಿ. ಯಾವುದೂ ಸುಳ್ಳಲ್ಲ. ಆದರೆ ಮೂವರ ಮಾತೂ ನಾಲ್ಕನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ರಾಮನಗರ ದಾಟಿ ಬೆಂಗಳೂರು ಸೇರಿಬಿಟ್ಟಿರುತ್ತದೆ. ಐಟಿ, ಸಿಂಗಪುರ, ವಿಕಾಸಸೌಧ. ಅಲ್ಲಿಗೆ ಚಪ್ಪಾಳೆ, ಶಾಲು, ಮುಂದಿನ ಭಾಷಣಕಾರರು.

ನಾನು ಮದ್ದೂರು ತಾಲ್ಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. ಕೃಷ್ಣ ಅವರಿಗೆ ಮತ ಹಾಕಿದ್ದೂ ಉಂಟು, ಹಾಕದೆ ಇದ್ದದ್ದೂ ಉಂಟು. ಅವರ ಅಭಿಮಾನಿ ಸಂಘದ ಸದಸ್ಯನಲ್ಲ, ಅವರ ಮೇಲೆ ಹಗೆಯೂ ಇಲ್ಲ. ಬೆಂಗಳೂರಿಗೆ ಅವರು ಏನು ಮಾಡಿದರೆಂದು ಬೆಂಗಳೂರಿನವರು ಹೇಳಿಕೊಳ್ಳಲಿ. ಮದ್ದೂರಿನ ಜನರ ಮುಂದೆ ನಿಂತು ಅಲ್ಲಿನ ಮೇಲ್ಸೇತುವೆಗಳನ್ನು ಹೊಗಳುವ ನೀವು, ಈ ಮನುಷ್ಯನ ರಾಜಕೀಯ ಜೀವನ ನಮ್ಮ ಜಿಲ್ಲೆಗೆ ಏನು ಕೊಟ್ಟಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನು ಒಮ್ಮೆಯಾದರೂ ಪೂರ್ತಿಯಾಗಿ ಓದಿ ಎಂದು ಕೇಳಲು ಈ ಪತ್ರ.

ಶುರುವಿನಿಂದಲೇ ನೋಡೋಣ. ಸೋಮನಹಳ್ಳಿ ಮಲ್ಲಯ್ಯ ಕೃಷ್ಣ ಹುಟ್ಟಿದ್ದು 1932ರ ಮೇ 1ರಂದು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನಲ್ಲಿ ಕಾನೂನು ಪದವಿ, ಆಮೇಲೆ ಅಮೆರಿಕದ ಡಲ್ಲಾಸ್ ಮತ್ತು ವಾಷಿಂಗ್ಟನ್‌ನಲ್ಲಿ ಉನ್ನತ ವ್ಯಾಸಂಗ. ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದವರು. ಅಷ್ಟು ಓದಿ ಬಂದವರು ವಕೀಲಿಕೆಯಲ್ಲೋ ಅಧ್ಯಾಪಕ ವೃತ್ತಿಯಲ್ಲೋ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಕಾನೂನು ಕಾಲೇಜಿನಲ್ಲಿ ಪಾಠವನ್ನೂ ಹೇಳಿದರು. ಆದರೆ 1962ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಮದ್ದೂರಿನಲ್ಲಿ ಪಕ್ಷೇತರರಾಗಿ ನಿಂತರು. ಎದುರಿಗಿದ್ದವರು ಕಾಂಗ್ರೆಸ್ಸಿನ ಹಿರಿಯ ಮುಖಂಡ ಎಚ್.ಕೆ. ವೀರಣ್ಣಗೌಡರು. ಅವರ ಪರವಾಗಿ ಜವಾಹರಲಾಲ್ ನೆಹರೂ ಪ್ರಚಾರ ಮಾಡಿದ್ದರು. ಆದರೂ ಮದ್ದೂರಿನ ಜನ ಆರಿಸಿದ್ದು ಕೃಷ್ಣರನ್ನು.

ಇದನ್ನು ನೀವು ಎಲ್ಲೂ ಹೇಳುವುದಿಲ್ಲ. ಏಕೆಂದು ಊಹಿಸಬಲ್ಲೆ. ಟಿಕೆಟ್ಟೇ ಇಲ್ಲದೆ, ದೆಹಲಿಯ ಆಶೀರ್ವಾದವಿಲ್ಲದೆ ಗೆಲ್ಲಬಹುದು ಎಂಬುದು ಯಾವ ಪಕ್ಷದ ವೇದಿಕೆಗೂ ಹಿತವಾದ ಮಾತಲ್ಲ.

ಗೆದ್ದದ್ದಕ್ಕಿಂತ ಸೋತದ್ದನ್ನು ಹೇಳಬೇಕು. 1967ರಲ್ಲಿ ಪ್ರಜಾ ಸಮಾಜವಾದಿ ಪಕ್ಷದಿಂದ ನಿಂತು ಅದೇ ಮದ್ದೂರಿನಲ್ಲಿ ಸೋತರು. ಮರುವರ್ಷವೇ ಮಂಡ್ಯ ಲೋಕಸಭಾ ಉಪಚುನಾವಣೆಯಲ್ಲಿ ಗೆದ್ದು ದೆಹಲಿಗೆ ಹೋದರು. 1971ರ ಹೊತ್ತಿಗೆ ಕಾಂಗ್ರೆಸ್ ಸೇರಿದ್ದರು. ಲೋಕಸಭಾ ಸದಸ್ಯತ್ವ ಬಿಟ್ಟು ಬಂದು ದೇವರಾಜ ಅರಸರ ಸಂಪುಟದಲ್ಲಿ ಕೈಗಾರಿಕಾ ಸಚಿವರಾದರು. 1980ರಲ್ಲಿ ಮತ್ತೆ ಮಂಡ್ಯದ ಸಂಸದ, ಇಂದಿರಾ ಗಾಂಧಿ ಸರ್ಕಾರದಲ್ಲಿ ರಾಜ್ಯ ಸಚಿವ. 1989ರ ಕೊನೆಯಿಂದ ಸುಮಾರು ಮೂರು ವರ್ಷ ವಿಧಾನಸಭೆಯ ಸಭಾಧ್ಯಕ್ಷ. ವೀರಪ್ಪ ಮೊಯಿಲಿ ಮುಖ್ಯಮಂತ್ರಿಯಾಗಿದ್ದಾಗ ಉಪಮುಖ್ಯಮಂತ್ರಿ. 1996ರಲ್ಲಿ ರಾಜ್ಯಸಭೆ. ಮುಖ್ಯಮಂತ್ರಿಯಾಗುವ ಹೊತ್ತಿಗೆ ಅವರಿಗೆ ಅರವತ್ತೇಳು ವರ್ಷ. ಶಾಸನಸಭೆಯ ನಾಲ್ಕೂ ಮೂಲೆಗಳನ್ನು ಒಳಗಿನಿಂದ ಕಂಡವರು. ಈಗ ಒಂದೇ ಅವಧಿ ಮುಗಿಸಿ ಮಂತ್ರಿಗಿರಿ ಸಿಗಲಿಲ್ಲವೆಂದು ಬೆಂಬಲಿಗರಿಂದ ರಸ್ತೆ ತಡೆ ಮಾಡಿಸುವವರು ಈ ಪಟ್ಟಿಯನ್ನು ಸಾವಧಾನವಾಗಿ ಓದಿಕೊಳ್ಳಬೇಕು.

1999ರಲ್ಲಿ ಕೆಪಿಸಿಸಿ ಅಧ್ಯಕ್ಷರಾಗಿ ಪಾಂಚಜನ್ಯ ಯಾತ್ರೆ ಹೊರಟರು, ಪಕ್ಷ 132 ಸ್ಥಾನ ಗೆದ್ದಿತು, ಮದ್ದೂರಿನಿಂದ ಆರಿಸಿಬಂದ ಕೃಷ್ಣ ಅಕ್ಟೋಬರ್ 11ರಂದು ಪ್ರಮಾಣವಚನ ಸ್ವೀಕರಿಸಿದರು. ರಾಜಕುಮಾರ್ ಅಪಹರಣದ 108 ದಿನ, ಬರ, ವಿದ್ಯುತ್ ವಿತರಣೆಯನ್ನು ಕಂಪನಿಗಳಾಗಿ ಒಡೆದದ್ದು, ಇವೆಲ್ಲ ನಿಮಗೆ ಗೊತ್ತಿರುವ ಕಥೆಗಳು. ನಾನು ಹೇಳಬೇಕಾದದ್ದು ಪಹಣಿಯ, ಅಂದರೆ ಜಮೀನಿನ ಒಡೆತನ ತೋರಿಸುವ ದಾಖಲೆಯ ಬಗ್ಗೆ.

ನಮ್ಮ ಸಂಘದಲ್ಲಿ ಬೆಳೆಸಾಲದ ಅರ್ಜಿಯೊಂದಿಗೆ ಪಹಣಿ ಇರಲೇಬೇಕಿತ್ತು. ಆಗ ಅದು ಕೈಬರಹದ್ದು. ಗ್ರಾಮ ಲೆಕ್ಕಿಗರು ಸಿಗಬೇಕು, ಸಿಕ್ಕಾಗ ದಫ್ತರ ಅವರ ಬಳಿ ಇರಬೇಕು, ಇದ್ದರೂ ಬರೆದುಕೊಡುವ ಮನಸ್ಸು ಬರಬೇಕು. ಮನಸ್ಸು ಹೇಗೆ ಬರುತ್ತಿತ್ತು ಎಂಬುದನ್ನು ರೈತರ ಮುಂದೆ ವಿವರಿಸಬೇಕಾಗಿಲ್ಲ. ಮೇಜಿನ ಮೇಲೆ ಬರುತ್ತಿದ್ದ ಆ ಹಾಳೆಗಳಲ್ಲಿ ನಾನು ಮೊದಲು ನೋಡುತ್ತಿದ್ದುದು ಒಂಬತ್ತನೆಯ ಕಾಲಂ, ಅಂದರೆ ಮಾಲೀಕರ ಹೆಸರು. ಆಮೇಲೆ ಹನ್ನೊಂದನೆಯದು, ಅಂದರೆ ಜಮೀನಿನ ಮೇಲಿರುವ ಸಾಲ. ಒಂಬತ್ತರಲ್ಲಿ ನೀಲಿ ಶಾಯಿ, ಅದರ ಮೇಲೆ ಕಪ್ಪು ಶಾಯಿಯ ತಿದ್ದುಪಡಿ, ಪಕ್ಕದಲ್ಲಿ ಯಾರದೋ ಚಿಕ್ಕ ರುಜು. ಹನ್ನೊಂದು ಬಹುಮಟ್ಟಿಗೆ ಖಾಲಿ. ಸಾಲವಿಲ್ಲವೆಂದಲ್ಲ, ಬರೆದಿಲ್ಲವೆಂದು. ಅಣ್ಣ ತಮ್ಮಂದಿರಿಬ್ಬರು ಒಂದೇ ಸರ್ವೆ ನಂಬರಿಗೆ ಎರಡು ಬಗೆಯ ಪಹಣಿ ತಂದು ನನ್ನ ಮುಂದೆ ಹಿಡಿದು ಜಗಳ ಕಾದದ್ದೂ ಇದೆ. ಎರಡಕ್ಕೂ ಮೊಹರು ಇತ್ತು!

ಭೂ ದಾಖಲೆ ಗಣಕೀಕರಣದ ಮಾತು ಕೃಷ್ಣ ಅವರಿಗಿಂತ ಮುಂಚೆಯೇ ಆರಂಭವಾಗಿತ್ತು, ಕೇಂದ್ರದ ಹಣವೂ ಬರುತ್ತಿತ್ತು. ಅದನ್ನು ದಡ ಮುಟ್ಟಿಸಿದ್ದು ಅವರ ಸರ್ಕಾರ, ಬೆನ್ನು ಹತ್ತಿ ಮಾಡಿಸಿದ್ದು ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿ. ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್‌ಗೆ ಹೋದವು. ತಾಲ್ಲೂಕು ಕಚೇರಿಯಲ್ಲಿ 'ಭೂಮಿ' ಎಂಬ ಈ ಯೋಜನೆಯ ಕೇಂದ್ರ ತೆರೆಯಿತು, ಹದಿನೈದು ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರತೊಡಗಿತು. ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದು ಸರ್ಕಾರವೇ ಹೇಳಿತು. ಈ ಕಡೆಯ ಮಾತೇ ನಿಜವಾದ ಧೈರ್ಯ. ಕಂಪ್ಯೂಟರ್ ಕೊಳ್ಳುವುದು ಯಾರಿಂದಲೂ ಆಗುತ್ತದೆ. ಹಳೆಯ ದಾರಿಯನ್ನು ಮುಚ್ಚದಿದ್ದರೆ ಹೊಸ ದಾರಿಯಲ್ಲಿ ಯಾರೂ ನಡೆಯುವುದಿಲ್ಲ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು, ನಡುವಿನಿಂದ ಒಂದನ್ನು ಎತ್ತಿ ಮೊದಲು ಮುಗಿಸುವಂತಿಲ್ಲ ಎಂಬ ಕಟ್ಟಳೆಯನ್ನೂ ಆ ವ್ಯವಸ್ಥೆಯೊಳಗೇ ಕೂರಿಸಿದರು. ಶಿಫಾರಸು ಮಾಡುವುದೇ ಜನಸೇವೆ ಎಂದುಕೊಂಡಿರುವ ಶಾಸಕರಿಗೆ ಇದು ಎಷ್ಟು ಕಹಿಯಾಗಿದ್ದಿರಬೇಕು, ಯೋಚಿಸಿ.

ಹಾಗೆಂದು ಭೂಮಿ ಯೋಜನೆಯನ್ನು ದೇವರ ಗೂಡಿನಲ್ಲಿ ಇಡಬೇಡಿ. ದಫ್ತರದಲ್ಲಿದ್ದ ತಪ್ಪೆಲ್ಲ ತಪ್ಪದೆ ಕಂಪ್ಯೂಟರ್‌ಗೂ ಹೋಯಿತು. ಮೂರನೆಯ ಕಾಲಂನ ವಿಸ್ತೀರ್ಣಕ್ಕೂ ಒಂಬತ್ತನೆಯ ಕಾಲಂನಲ್ಲಿ ಮಾಲೀಕರ ಹೆಸರಿನ ಮುಂದಿರುವ ವಿಸ್ತೀರ್ಣಕ್ಕೂ ತಾಳೆಯಾಗದ ಪಹಣಿಗಳು ಇಂದಿಗೂ ಇವೆ. ಮೊದಲಾದರೆ ಗ್ರಾಮ ಲೆಕ್ಕಿಗರ ಕೈಕಾಲು ಹಿಡಿದು ತಿದ್ದಿಸಬಹುದಿತ್ತು. ಆಮೇಲೆ ಉಪವಿಭಾಗಾಧಿಕಾರಿಯ ಕಚೇರಿಯವರೆಗೆ ಅಲೆಯಬೇಕಾಯಿತು. ಲಂಚ ಹೋಗಲಿಲ್ಲ, ಕಿಟಕಿ ಬದಲಾಯಿಸಿತು ಎಂದು ನಮ್ಮ ಕಡೆ ಹೇಳುತ್ತಾರೆ. ಅರ್ಧ ನಿಜ. ಪಹಣಿ ಪಡೆಯುವ ಕಿಟಕಿಯಲ್ಲಿ ಮಾತ್ರ ಅದು ನಿಜವಾಗಿಯೂ ಹೋಯಿತು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಯಶಸ್ವಿನಿ. ಹೃದಯತಜ್ಞ ಡಾ. ದೇವಿ ಶೆಟ್ಟಿ ಅವರ ಸಲಹೆಯಿಂದ ಹುಟ್ಟಿ 2003ರಲ್ಲಿ ಜಾರಿಗೆ ಬಂದ ಯೋಜನೆ. ಸಹಕಾರ ಸಂಘದ ಸದಸ್ಯನಾದ ರೈತ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ ಅರವತ್ತು ಕಟ್ಟಿದರೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಹಣ ಕೊಡಬೇಕಾಗಿರಲಿಲ್ಲ. ಆ ಅರವತ್ತನ್ನು ವಸೂಲು ಮಾಡುವ ಕೆಲಸ ನಮ್ಮ ತಲೆಗೆ ಬಂತು. 'ಕಾಯಿಲೆಯೇ ಬಾರದಿದ್ದರೆ ದುಡ್ಡು ವಾಪಸು ಕೊಡುತ್ತೀರಾ?' ಎಂದು ಕೇಳಿದವರೇ ಹೆಚ್ಚು. ಬರದ ವರ್ಷ ಬೇರೆ, ಕಬ್ಬು ಒಣಗಿತ್ತು. ಮನೆಮಂದಿಯ ಫೋಟೊ ತನ್ನಿ ಎಂದರೆ ಮದುವೆಯ ಫೋಟೊ ಕತ್ತರಿಸಿ ತಂದವರಿದ್ದರು. ಊರಿನ ಒಬ್ಬರಿಗೆ ಮೈಸೂರಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಗಿ, ಬಿಲ್ಲು ಕಟ್ಟದೆ ಮನೆಗೆ ಬಂದ ಮೇಲೆ ಮಾತ್ರ ಮರುವರ್ಷ ಜನ ತಾವಾಗಿಯೇ ಸಂಘದ ಬಾಗಿಲಿಗೆ ಬಂದರು. 2018ರಲ್ಲಿ ಆ ಯೋಜನೆಯನ್ನು ಇನ್ನೊಂದರೊಳಗೆ ಸೇರಿಸಿ ಕೈತೊಳೆದುಕೊಂಡಾಗ ನಿಮ್ಮಲ್ಲಿ ಎಷ್ಟು ಮಂದಿ ದನಿ ಎತ್ತಿದಿರಿ? ನಾಲ್ಕು ವರ್ಷಗಳ ಮೇಲೆ ಅದನ್ನು ಮತ್ತೆ ತಂದರು, ಹಳ್ಳಿಯ ಕುಟುಂಬಕ್ಕೆ ವರ್ಷಕ್ಕೆ ಐದು ನೂರು ರೂಪಾಯಿಯಂತೆ. ತಂದದ್ದು ಒಳ್ಳೆಯದೇ. ನಡುವೆ ಹೋದ ವರ್ಷಗಳ ಲೆಕ್ಕವನ್ನು ಯಾರೂ ಕೇಳಲಿಲ್ಲ.

ಶಾಲೆಯ ಬಿಸಿಯೂಟ, ಅಕ್ಷರ ದಾಸೋಹ, ಮೊದಲಿಗೆ 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮುಂದಿನ ವರ್ಷ ನಮ್ಮ ಕಡೆಗೂ ಬಂತು. ಸ್ತ್ರೀಶಕ್ತಿ ಸಂಘಗಳೂ ಅದೇ ಕಾಲದವು. ಸೂಟು ತೊಟ್ಟು, ಟೆನಿಸ್ ಆಡಿ, ಉದ್ಯಮಿಗಳೊಂದಿಗೆ ಇಂಗ್ಲಿಷಿನಲ್ಲಿ ಮಾತನಾಡುವ ಮುಖ್ಯಮಂತ್ರಿ ಎಂದು ನಾವು ಗೇಲಿ ಮಾಡುತ್ತಿದ್ದ ಮನುಷ್ಯನ ಅವಧಿಯಲ್ಲಿ ಉಳಿದುಬಂದ ಕೆಲಸಗಳು ಬಹುಪಾಲು ಹಳ್ಳಿಯವೇ ಎಂಬುದು ಸೋಜಿಗ. ಅವರ ಪಕ್ಷವೂ ಅದನ್ನು ಜನರಿಗೆ ತಿಳಿಸಿ ಹೇಳಲಿಲ್ಲ.

ಈಗ ಕಾವೇರಿ. ಇಲ್ಲಿ ನಾನು ಅವರ ಪರ ನಿಲ್ಲಲಾರೆ.

2002ರಲ್ಲಿ ಮಳೆ ಕೈಕೊಟ್ಟಿತು. ಸೆಪ್ಟೆಂಬರಿನಲ್ಲಿ ಮೊದಲು ಸುಪ್ರೀಂ ಕೋರ್ಟ್ ಆದೇಶ, ಆಮೇಲೆ ಪ್ರಧಾನಿ ವಾಜಪೇಯಿ ಅಧ್ಯಕ್ಷತೆಯ ಕಾವೇರಿ ನದಿ ಪ್ರಾಧಿಕಾರದಿಂದ ದಿನಕ್ಕೆ 9,000 ಕ್ಯೂಸೆಕ್ ಬಿಡಿ ಎಂಬ ತೀರ್ಮಾನ. ಆಚೆ ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ, ಅವರು ಹುಟ್ಟಿದ್ದು ನಮ್ಮ ಮೇಲುಕೋಟೆಯಲ್ಲಿ. ಈಚೆ ಸೋಮನಹಳ್ಳಿಯ ಕೃಷ್ಣ. ಒಂದೇ ಜಿಲ್ಲೆಯಲ್ಲಿ ಹುಟ್ಟಿದ ಇಬ್ಬರು ಒಂದೇ ನೀರಿಗಾಗಿ ದೆಹಲಿಯಲ್ಲಿ ಜಗ್ಗಾಡಿದರು. ನೀರು ಬಿಟ್ಟರು, ಮಂಡ್ಯ ಹೊತ್ತಿ ಉರಿಯಿತು. ಜಿ. ಮಾದೇಗೌಡರ ನೇತೃತ್ವದಲ್ಲಿ ರೈತರು ಬೀದಿಗಿಳಿದರು. ಕಬಿನಿಯಲ್ಲಿ ಪ್ರತಿಭಟನೆಯ ನಡುವೆ ಜಲಾಶಯಕ್ಕೆ ಹಾರಿದ ರೈತರೊಬ್ಬರು ಪ್ರಾಣ ಕಳೆದುಕೊಂಡರು. ಸರ್ಕಾರ ನೀರು ನಿಲ್ಲಿಸಿತು. ಅಕ್ಟೋಬರಿನಲ್ಲಿ ಮುಖ್ಯಮಂತ್ರಿಯೇ ಬೆಂಗಳೂರಿನಿಂದ ಮಂಡ್ಯಕ್ಕೆ ಪಾದಯಾತ್ರೆ ಹೊರಟರು. ಹೆದ್ದಾರಿಯ ಇಕ್ಕೆಲಗಳಲ್ಲಿ ಜನ ನಿಂತು ನೋಡಿದರು, ಆರತಿ ಎತ್ತಿದವರೂ ಇದ್ದರು, ಬೆನ್ನು ತಿರುಗಿಸಿದವರೂ ಇದ್ದರು. ಕಡೆಗೆ ನ್ಯಾಯಾಂಗ ನಿಂದನೆಯ ಕತ್ತಿ ನೆತ್ತಿಯ ಮೇಲೆ ತೂಗತೊಡಗಿದಾಗ ನ್ಯಾಯಾಲಯದ ಮುಂದೆ ಕ್ಷಮೆ ಕೇಳಿ ನೀರು ಬಿಡಬೇಕಾಯಿತು.

ಅವರಿಗೆ ಬೇರೆ ದಾರಿ ಇತ್ತೇ ಎಂದು ಕೇಳಬಹುದು. ಬಹುಶಃ ಆ ತಿಂಗಳಲ್ಲಿ ಇರಲಿಲ್ಲ. ನನ್ನ ತಕರಾರು ನಡಿಗೆಯ ಬಗ್ಗೆ. ನಡೆದದ್ದರಿಂದ ವಿಶ್ವೇಶ್ವರಯ್ಯ ನಾಲೆಯಲ್ಲಿ ಒಂದು ಅಂಗುಲ ನೀರೂ ಹೆಚ್ಚಲಿಲ್ಲ. ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿಯ ರೈತರಿಗೆ ಕಟ್ಟುನೀರಿನ ಸರದಿ ಯಾವಾಗ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಕಾನೂನು ಕಲಿಸಿದ ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಗೊತ್ತಿದ್ದೂ ನಡೆದರು.

ಕಾವೇರಿಯ ಲೆಕ್ಕ ಬದಲಾದದ್ದು ಹೇಗೆ ಎಂಬುದನ್ನೂ ನೋಡಿ. ಕಾವೇರಿ ನ್ಯಾಯಮಂಡಳಿಯ 1991ರ ಮಧ್ಯಂತರ ಆದೇಶದಲ್ಲಿ ನಾವು ತಮಿಳುನಾಡಿಗೆ ಬಿಡಬೇಕಾಗಿದ್ದುದು 205 ಟಿಎಂಸಿ. ಅದರ 2007ರ ಅಂತಿಮ ತೀರ್ಪಿನಲ್ಲಿ ನಮ್ಮ ಪಾಲು 270. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು 284.75ಕ್ಕೆ ಏರಿಸಿತು, ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರನ್ನು 177.25ಕ್ಕೆ ಇಳಿಸಿತು. ಹೆಚ್ಚಾದ 14.75 ಟಿಎಂಸಿಯಲ್ಲಿ ಹತ್ತು ಬಂದದ್ದು ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದದ್ದರಿಂದ, ಉಳಿದದ್ದು ಬೆಂಗಳೂರಿನ ಕುಡಿಯುವ ನೀರಿನ ಬಾಬ್ತು. ಅಂಕಿಅಂಶ ಕೂಡಿಹಾಕಿ, ಕಡತ ಓದಿ, ವರ್ಷಗಟ್ಟಲೆ ವಾದ ಮಾಡಿದವರಿಂದ ಬಂದ ನೀರು ಅದು. ಮದ್ದೂರಿನಲ್ಲಿ ಟೈರಿಗೆ ಬೆಂಕಿ ಹಚ್ಚಿದಾಗ ಬಂದದ್ದಲ್ಲ. ಆದರೂ ಪ್ರತಿ ಬರದ ವರ್ಷವೂ ನೀವು ಸಂಜಯ ವೃತ್ತದಲ್ಲಿ ಕೂತು ಭಾವಚಿತ್ರ ತೆಗೆಸಿಕೊಳ್ಳುತ್ತೀರಿ. ಕೃಷ್ಣ ಅವರಿಂದ ಕಲಿಯಬಾರದಿದ್ದ ಒಂದೇ ಒಂದನ್ನು ನೀವು ಚೆನ್ನಾಗಿ ಕಲಿತಿದ್ದೀರಿ.

2004ರಲ್ಲಿ ಅವಧಿಗೆ ಮುನ್ನವೇ ಲೋಕಸಭೆಯ ಜೊತೆ ಚುನಾವಣೆಗೆ ಹೋದರು. ಮದ್ದೂರಿನಲ್ಲಿ ನಿಲ್ಲಲಿಲ್ಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಿಂತು ಗೆದ್ದರು, ಪಕ್ಷ ಮಾತ್ರ 65ಕ್ಕೆ ಕುಸಿಯಿತು. 1962ರಲ್ಲಿ ಯಾರ ಹಂಗೂ ಇಲ್ಲದವರನ್ನು ಕೈಹಿಡಿದ ಊರಿಗೆ ಬಂದು, 'ಇದು ನನ್ನ ಐದು ವರ್ಷದ ಲೆಕ್ಕ, ಒಪ್ಪಿದರೆ ಒಪ್ಪಿ, ಬಿಟ್ಟರೆ ಬಿಡಿ' ಎನ್ನಬೇಕಿತ್ತು. ಸೋಲಿಸುತ್ತಿದ್ದೆವೇನೋ. ಹಿಂದೆಯೂ ಸೋಲಿಸಿ ಮತ್ತೆ ಗೆಲ್ಲಿಸಿದ ಜನ ನಾವು. ಈ ಒಂದು ವಿಷಯದಲ್ಲಿ ನನ್ನ ಅಸಮಾಧಾನ ಇಂದಿಗೂ ಹೋಗಿಲ್ಲ, ಅವರು ಕಾಲವಾದ ಮೇಲೂ ಹೋಗಿಲ್ಲ.

ಅಲ್ಲಿಂದ ಮುಂದೆ ಮಹಾರಾಷ್ಟ್ರದ ರಾಜ್ಯಪಾಲ, 2009ರಿಂದ 2012ರವರೆಗೆ ವಿದೇಶಾಂಗ ಸಚಿವ. ವಿಶ್ವಸಂಸ್ಥೆಯಲ್ಲಿ ಪೋರ್ಚುಗಲ್ ಸಚಿವರ ಭಾಷಣದ ಹಾಳೆಯನ್ನು ತಪ್ಪಾಗಿ ಓದಿದ್ದನ್ನು ಮೊಬೈಲಿನಲ್ಲಿ ನೋಡಿ ನಕ್ಕ ಹುಡುಗರಿಗೆ, ಅವರು ಸಭಾಧ್ಯಕ್ಷರಾಗಿ ಸದನ ನಡೆಸಿದ ವಿಷಯವೇ ಗೊತ್ತಿಲ್ಲ. 2017ರಲ್ಲಿ ಬಿಜೆಪಿ ಸೇರಿದರು. ಎಂಬತ್ತೈದರ ಹೊಸ್ತಿಲಲ್ಲಿ ಪಕ್ಷ ಬದಲಿಸುವ ಅಗತ್ಯವೇನಿತ್ತು ಎಂದು ಆಗ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. 2023ರಲ್ಲಿ ಪದ್ಮವಿಭೂಷಣ ಬಂತು. ಇದಿಷ್ಟು ಅವರ ಜೀವನ.

ಈಗ ನಿಮ್ಮ ಸರದಿ. ಪ್ರತಿಮೆ ನಿಲ್ಲಿಸಿ, ವೃತ್ತಕ್ಕೆ ಹೆಸರಿಡಿ, ಬೇಡವೆನ್ನುವುದಿಲ್ಲ. ಆದರೆ ಅವರು ಅರ್ಧಕ್ಕೆ ಬಿಟ್ಟ ಪಹಣಿಯ ಕೆಲಸವನ್ನು ಮುಗಿಸುವುದು ನಿಮ್ಮ ಪಾಲಿಗೆ ಬಂದಿದೆ. ಜಿಲ್ಲೆಯಲ್ಲಿ ಎಷ್ಟೋ ಜಮೀನು ಇಂದಿಗೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಐದು ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆಸಾಲ ಎಂದು ಸರ್ಕಾರ ಹೇಳುತ್ತದೆ. ಉಳುವ ಮೊಮ್ಮಗ ಸಂಘಕ್ಕೆ ಬಂದರೆ ಒಂಬತ್ತನೆಯ ಕಾಲಂನಲ್ಲಿ ಅವನ ಹೆಸರಿಲ್ಲ. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ, ಆಗಬೇಕಾದರೆ ವಂಶವೃಕ್ಷ ಬೇಕು, ಮರಣ ಪ್ರಮಾಣಪತ್ರ ಬೇಕು. ಅಜ್ಜ ಸತ್ತ ಕಾಲದಲ್ಲಿ ಮರಣ ನೋಂದಾಯಿಸಿದವರು ಯಾರು? ತಡವಾದ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ವಕೀಲರ ಶುಲ್ಕ, ದಿನಗೂಲಿ ನಷ್ಟ, ಅಣ್ಣತಮ್ಮಂದಿರ ಒಪ್ಪಿಗೆ, ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ. ಹೋಬಳಿ ಮಟ್ಟದಲ್ಲಿ ತಹಶೀಲ್ದಾರರನ್ನು, ಸರ್ವೆಯವರನ್ನು ಒಟ್ಟಿಗೆ ಕೂರಿಸಿ, ನೀವೂ ಪಕ್ಕದಲ್ಲಿ ಕೂತು ಇದನ್ನು ಮುಗಿಸಬಹುದು. ಹಾರ ಹಾಕಿಸಿಕೊಳ್ಳಲು ಅಲ್ಲ, ಕಡತ ಓದಲು ಕೂರಬೇಕು.

ನಾಲೆಯ ಕೊನೆಯ ಭಾಗಕ್ಕೆ ಯಾವ ವಾರ ನೀರು ಎಂಬ ವೇಳಾಪಟ್ಟಿಯನ್ನು ಬೆಳೆ ಹಾಕುವ ಮೊದಲೇ ಪಂಚಾಯಿತಿ ಕಚೇರಿಗಳ ಗೋಡೆಯ ಮೇಲೆ ಅಂಟಿಸಿಸಿ. ಯಶಸ್ವಿನಿಯಲ್ಲಿ ಜಿಲ್ಲೆಯ ಎಷ್ಟು ಆಸ್ಪತ್ರೆಗಳಿವೆ, ಯಾವ ಚಿಕಿತ್ಸೆಗೆ ಮೈಸೂರಿಗೆ ಓಡಬೇಕು ಎಂಬುದನ್ನು ಸಂಘಗಳಿಗೆ ತಿಳಿಸಿ.

ಮತ್ತೆ, ಚುನಾವಣೆಗೆ ನೀವು ಅಚ್ಚು ಹಾಕಿಸುವ ಪರಿಚಯ ಪತ್ರದ ಬಗ್ಗೆ ಒಂದು ಮಾತು. ತಂದೆಯ ಹೆಸರು, ದೇವಸ್ಥಾನಕ್ಕೆ ಕೊಟ್ಟ ದೇಣಿಗೆ, ಹಿರಿಯ ನಾಯಕರ ಜೊತೆಗಿನ ಫೋಟೊ, ಇಷ್ಟರಲ್ಲೇ ಅದು ಮುಗಿದುಹೋಗುತ್ತದೆ. ಸದನದಲ್ಲಿ ಯಾವ ಪ್ರಶ್ನೆ ಕೇಳಿದಿರಿ, ಯಾವ ವಿಧೇಯಕದ ಮೇಲೆ ಮಾತನಾಡಿದಿರಿ, ಯಾವ ಚುನಾವಣೆಯಲ್ಲಿ ಸೋತಿರಿ, ಯಾವಾಗ ಯಾವ ಪಕ್ಷದಲ್ಲಿದ್ದಿರಿ ಎಂಬುದನ್ನೂ ಹಾಕಿ. ಹೊಸ ಆಕಾಂಕ್ಷಿಗಳು ಏನು ಓದಿದ್ದೀರಿ, ಯಾವ ಕಸುಬು ಮಾಡಿದ್ದೀರಿ ಎಂದು ಬರೆಯಿರಿ. ಕೃಷ್ಣ ಅವರ ಬಗ್ಗೆ ನಾನು ಇಲ್ಲಿ ಬರೆದಷ್ಟನ್ನು ನಿಮ್ಮ ಬಗ್ಗೆ ನೀವೇ ಬರೆದುಕೊಂಡರೆ ಸಾಕು.

ಈ ಪತ್ರಕ್ಕೆ ಉತ್ತರ ಕೊಡುವ ಮನಸ್ಸಿದ್ದರೆ ಶ್ರದ್ಧಾಂಜಲಿಯ ಮಾತು ಬೇಡ. ನಿಮ್ಮ ಕ್ಷೇತ್ರದಲ್ಲಿ ಬಾಕಿ ಇರುವ ಪೌತಿ ಖಾತೆಗಳೆಷ್ಟು, ಮೂರು ಮತ್ತು ಒಂಬತ್ತನೆಯ ಕಾಲಂ ತಾಳೆಯಾಗದ ಪಹಣಿಗಳೆಷ್ಟು, ಇವುಗಳನ್ನು ಯಾವ ತಿಂಗಳೊಳಗೆ ಮುಗಿಸುತ್ತೀರಿ, ಹೋಬಳಿವಾರು ಬರೆದು ಪತ್ರಿಕೆಗೆ ಕೊಡಿ. ಓದಿಕೊಳ್ಳುತ್ತೇವೆ.

ಇಂತಿ,
ಮದ್ದೂರು ತಾಲ್ಲೂಕಿನ ಸಹಕಾರ ಸಂಘವೊಂದರ ನಿವೃತ್ತ ಕಾರ್ಯದರ್ಶಿ